ಸೌಂಡ್ ಮಾಡದ ಟ್ಯಾಪೆಟ್

ಗಾಡಿ 2006ರದ್ದು. ಪೆಟ್ರೋಲ್, ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಇಂಜೆಕ್ಷನ್ ಇಂಜಿನ್. ಕಂಪನಿ ಯಾವುದು ಅನ್ನೋದು ಇಲ್ಲಿ ಬೇಡ, ಆ ಕಾಲದ ಯಾವ ಗಾಡಿಗೂ ಇದು ಆಗಬಹುದು. ಚಿಕ್ಕಪ್ಪ ಹೊಸದಾಗಿ ತಗೊಂಡು, ವರ್ಷಗಟ್ಟಲೆ ಓಡಿಸಿ, ಆಮೇಲೆ ನನಗೆ ಕೊಟ್ಟರು. ಅವರದು ಜೀನ್ಸ್ ವ್ಯಾಪಾರ. ಬಳ್ಳಾರಿಯಲ್ಲಿ ಹೊಲಿದ ಪ್ಯಾಂಟುಗಳನ್ನು ತುಂಬಿಕೊಂಡು ಸಿರುಗುಪ್ಪ, ಸಿಂಧನೂರು, ರಾಯಚೂರು ಅಂತ ಅಂಗಡಿ ಅಂಗಡಿಗೆ ಹಾಕಿ ಬರುತ್ತಿದ್ದರು. ಡಿಕ್ಕಿಯ ಅರ್ಧ ಜಾಗವನ್ನು ಎಲ್‌ಪಿಜಿ ಟ್ಯಾಂಕ್ ತಿಂದಿತ್ತು, ಹಾಗಾಗಿ ಬಂಡಲ್‌ಗಳೆಲ್ಲ ಹಿಂದಿನ ಸೀಟಿನ ಮೇಲೆ. ನನ್ನ ಕೈಗೆ ಬರುವಷ್ಟರಲ್ಲಿ ಮೀಟರ್ ಒಂದೂವರೆ ಲಕ್ಷ ದಾಟಿತ್ತು. ಆದರೂ ಇಂಜಿನ್ ಮಾತ್ರ ಬಹಳ ಸೈಲೆಂಟ್. ಬಾನೆಟ್ ಎತ್ತಿ ಕಿವಿ ಕೊಟ್ಟರೆ ಟ್ಯಾಪೆಟ್‌ನ, ಅಂದರೆ ಸಿಲಿಂಡರ್‌ನ ಬಾಗಿಲುಗಳಾದ ವಾಲ್ವ್‌ಗಳನ್ನು ಒತ್ತಿ ತೆರೆಯೋ ಭಾಗದ, ಟಕ ಟಕ ಅನ್ನೋ ಸದ್ದೇ ಇಲ್ಲ. ನೋಡಿದವರೆಲ್ಲ ಅದನ್ನೇ ಹೊಗಳುತ್ತಿದ್ದರು.

ತೊಂದರೆ ಶುರುವಾಗಿದ್ದು ಮಿಸ್ಸಿಂಗ್‌ನಿಂದ, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಒಮ್ಮೊಮ್ಮೆ ಹೊತ್ತಿಕೊಳ್ಳದೇ ಹೋಗೋದರಿಂದ. ಬೆಳಿಗ್ಗೆ ತಣ್ಣಗಿದ್ದಾಗ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್, ಐಡ್ಲಿಂಗ್ (ಗಾಡಿ ನಿಂತಿರುವಾಗ ಇಂಜಿನ್ ಓಡೋದು) ಚೆನ್ನಾಗಿಯೇ ಇರುತ್ತಿತ್ತು. ಟೆಂಪರೇಚರ್ ಮುಳ್ಳು ನಡುವಿಗೆ ಬಂದು ಸ್ವಲ್ಪ ಹೊತ್ತಾಗಬೇಕು, ಆಮೇಲೆ ರಾಯಲ್ ಸರ್ಕಲ್‌ನಲ್ಲೋ ಮೋತಿ ಸರ್ಕಲ್‌ನಲ್ಲೋ ಸಿಗ್ನಲ್‌ಗೆ ನಿಂತರೆ ಸೀಟಿನ ಕೆಳಗೆ ಒಂದು ನಡುಕ. ಒಂದೇ ಸಮ ಅಲ್ಲ, ಮಧ್ಯ ಮಧ್ಯ ಒಂದೊಂದು ಏಟು ತಪ್ಪಿದ ಹಾಗೆ. ಎಸಿ ಹಾಕಿದರೆ ಸ್ಟೀರಿಂಗೂ ನಡುಗುತ್ತಿತ್ತು. ಗೇರ್ ಹಾಕಿ ಹೊರಟು 1,500 ಆರ್‌ಪಿಎಂ ದಾಟಿದ ಕೂಡಲೇ ಎಲ್ಲಾ ಮಾಯ. ಹೊಸಪೇಟೆ ರಸ್ತೆಯಲ್ಲಿ 80ರಲ್ಲಿ ಹೋಗ್ತಾ ಇದ್ದರೆ ಈ ಗಾಡಿಗೆ ಕಾಯಿಲೆ ಇದೆ ಅಂತ ಯಾರೂ ಹೇಳೋಕೆ ಸಾಧ್ಯ ಇರಲಿಲ್ಲ. ಮುಂದೆ ಕುಡಿತಿನಿಯಲ್ಲಿ ಲಾರಿ ಸಾಲಿನ ಹಿಂದೆ ನಿಂತರೆ ಮತ್ತೆ ಅದೇ ಕಥೆ.

ಬಳ್ಳಾರಿಯಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ತಮಾಷೆ ಮಾಡ್ತೀವಲ್ವಾ. ಆ ಕಡುಬೇಸಿಗೆಯಲ್ಲಿ ಇದು ಜಾಸ್ತಿಯಾಯಿತು. ಅಲ್ಲಿಂದ ಸಲಹೆಗಳ ಸುರಿಮಳೆ. ಪ್ಲಗ್ ಹೋಗಿದೆ, ಕಾಯಿಲ್ ಹೋಗಿದೆ, ಥ್ರಾಟಲ್ ಬಾಡಿ ತೊಳೆಸಿ, ಇಂಜೆಕ್ಟರ್ ತೊಳೆಸಿ, ಪೆಟ್ರೋಲ್ ಪಂಪ್ ವೀಕ್ ಆಗಿದೆ. ಪಕ್ಕದ ಮನೆಯವರು 2023ರಿಂದ ಬಂಕ್‌ಗಳಿಗೆ ಬರಲು ಶುರುವಾದ 20 ಪರ್ಸೆಂಟ್ ಎಥನಾಲ್ ಪೆಟ್ರೋಲನ್ನೇ ಬೈದರು. ಪಕ್ಕಾ ಅದರದ್ದೇ ಕೆಲಸ ಅಂತೆ. ಆಫೀಸಿನಲ್ಲಿ ಒಬ್ಬರು, ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗುತ್ತೆ, ಒದ್ದೆ ಬಟ್ಟೆ ಸುತ್ತಿ ಅಂದರು. ಕಾರ್ಬುರೇಟರ್ ಗಾಡಿಗಳ ಕಾಲದಲ್ಲಿ ಅದು ನಿಜ, ಎಷ್ಟೋ ಜನ ರಸ್ತೆ ಪಕ್ಕ ನಿಂತು ಬಟ್ಟೆ ಸುತ್ತಿದ್ದಾರೆ. ಇಂಜೆಕ್ಷನ್ ಗಾಡಿಯಲ್ಲಿ ಪಂಪ್ ಟ್ಯಾಂಕಿನ ಒಳಗೇ ಇರುತ್ತೆ, ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ. ಅಷ್ಟು ಒತ್ತಡದಲ್ಲಿ ಪೆಟ್ರೋಲ್ ಅಷ್ಟು ಸುಲಭವಾಗಿ ಆವಿಯಾಗಲ್ಲ.

ಒಂದು ಸರ್ವಿಸ್ ಸೆಂಟರ್‌ಗೂ ತಗೊಂಡು ಹೋದೆ. ಬೆಳಿಗ್ಗೆ ಬಿಟ್ಟು ಬಂದಿದ್ದೆ, ಅವರು ನೋಡುವ ಹೊತ್ತಿಗೆ ಇಂಜಿನ್ ತಣ್ಣಗಾಗಿತ್ತು, ಮಿಸ್ಸಿಂಗ್ ಕಾಣಿಸಲೇ ಇಲ್ಲ. ಸಾಯಂಕಾಲ ಫೋನ್ ಮಾಡಿ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಬದಲಿಸಬೇಕು, 18 ಸಾವಿರ ಆಗುತ್ತೆ ಅಂದರು. ಯಾವ ಆಧಾರದ ಮೇಲೆ ಅಂತ ಕೇಳಿದೆ. "ಬೇರೆ ಎಲ್ಲಾ ಸರಿ ಐತ್ರಿ ಸರ್, ಉಳಿದಿದ್ದು ಅದೊಂದೇ" ಅಂದ ಆ ಹುಡುಗ. ಗಾಡಿ ವಾಪಸ್ ತಂದೆ.

ನನ್ನ ಕೆಲಸ ತೋರಣಗಲ್ಲಿನ ಕಡೆ ಒಂದು ಪ್ಲಾಂಟ್‌ನಲ್ಲಿ, ಮೇಂಟೆನೆನ್ಸ್ ವಿಭಾಗ. ಅಲ್ಲಿ ಪಂಪ್ ಕೆಟ್ಟರೆ ಮೊದಲು ಗೇಜ್ ಹಚ್ಚಿ ನೋಡ್ತೀವಿ, ಆಮೇಲೆ ಪಾನಾ ಹಿಡಿಯೋದು. ಮನೆ ಗಾಡಿಗೆ ಬಂದಾಗ ಮಾತ್ರ ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋಗೋದು ಯಾಕೋ ಮನಸ್ಸಿಗೆ ಬರಲಿಲ್ಲ. ಇದನ್ನೂ ಅಳೆದೇ ನೋಡೋಣ ಅಂತ ಕೂತೆ. ಅದಕ್ಕಿಂತ ಮುಖ್ಯವಾಗಿ, ತೊಂದರೆ ಬಿಸಿಯಲ್ಲಿ ಬರುತ್ತಿದೆ, ಅಂದಮೇಲೆ ಅಳೆಯಬೇಕಾದದ್ದೂ ಬಿಸಿಯಲ್ಲೇ.

ಸ್ಕ್ಯಾನರ್‌ನಿಂದ ಏನೂ ಸಿಗಲಿಲ್ಲ. ಈಗಿನ ಗಾಡಿಗಳಲ್ಲಿ ಮಿಸ್ಸಿಂಗ್ ಆದರೆ ಪಿ0301, ಪಿ0302 ಅಂತ ಕೋಡ್ ಬರುತ್ತೆ. ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಪಿ0300 ಬಂದರೆ ಎಲ್ಲೆಲ್ಲೋ ಆಗ್ತಿದೆ ಅಂತ ಅರ್ಥ. ನಮ್ಮ ದೇಶದಲ್ಲಿ ಕಾರುಗಳಿಗೆ ಓಬಿಡಿ-2, ಅಂದರೆ ಇಂಥ ದೋಷಗಳನ್ನು ಗಾಡಿಯೇ ಪತ್ತೆ ಹಚ್ಚೋ ವ್ಯವಸ್ಥೆ, ಕಡ್ಡಾಯವಾಗಿದ್ದು 2013ರ ಏಪ್ರಿಲ್‌ನಿಂದ. ನನ್ನ ಗಾಡಿ ಅದಕ್ಕಿಂತ ಏಳು ವರ್ಷ ಹಳೆಯದು, ಸೆನ್ಸರ್ ವೈರ್ ಕಿತ್ತು ಹೋದರೆ ಲೈಟ್ ಹಾಕುತ್ತೆ, ಮಿಸ್ಸಿಂಗ್ ಎಣಿಸುವ ಬುದ್ಧಿ ಅದಕ್ಕಿಲ್ಲ. ಲೈಟ್ ಬಂದಿಲ್ಲ ಅಂದರೆ ಏನೂ ಆಗಿಲ್ಲ ಅಂತ ಅಂದುಕೊಳ್ಳೋ ಹಾಗಿಲ್ಲ.

ಅದಕ್ಕಿಂತ ಜಾಸ್ತಿ ಹೇಳಿದ್ದು ಎಮಿಷನ್ ಟೆಸ್ಟ್ ಚೀಟಿ. ಅದನ್ನು ಯಾರೂ ಓದಲ್ಲ, ಪಾಸಾ ಫೇಲಾ ನೋಡಿ ಡ್ಯಾಶ್‌ಬೋರ್ಡಿಗೆ ಹಾಕ್ತೀವಿ. ಗಾಡಿ ಪೂರ್ತಿ ಬಿಸಿಯಾದ ಮೇಲೆ ಮಾಡಿಸಿದೆ. ಸಿಒ (ಕಾರ್ಬನ್ ಮಾನಾಕ್ಸೈಡ್) ಕಡಿಮೆ ಇತ್ತು, ಎಚ್‌ಸಿ (ಹೈಡ್ರೋಕಾರ್ಬನ್) ಮಾತ್ರ ಸಿಕ್ಕಾಪಟ್ಟೆ. ಇವೆರಡೂ ಬೇರೆ ಬೇರೆ ಸಂಗತಿ ಹೇಳುತ್ತವೆ. ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ ಆದರೆ ಅರೆಬರೆ ಉರಿದು ಸಿಒ ಏರುತ್ತೆ. ಎಚ್‌ಸಿ ಅಂದರೆ ಉರಿಯದೇ ಹಾಗೇ ಹೊರಗೆ ಬಂದ ಪೆಟ್ರೋಲ್. ಸಿಒ ಸರಿ ಇದ್ದು ಎಚ್‌ಸಿ ಏರಿದೆ ಅಂದರೆ ಪೆಟ್ರೋಲ್ ಜಾಸ್ತಿಯಾಗಿದ್ದಲ್ಲ, ಯಾವುದೋ ಸಿಲಿಂಡರ್ ಕೆಲವು ಸಲ ಹೊತ್ತಿಕೊಳ್ಳುತ್ತಲೇ ಇಲ್ಲ. ಎಥನಾಲ್ ವಾದವೂ ಇಲ್ಲಿಗೆ ಮುಗಿಯಿತು ಅನ್ನಿಸಿತು. ಪೆಟ್ರೋಲ್ ನಾಲ್ಕೂ ಸಿಲಿಂಡರ್‌ಗೆ ಒಂದೇ ತಾನೆ?

ಯಾವ ಸಿಲಿಂಡರ್ ಅಂತ ಹಿಡಿಯೋದು ಕಷ್ಟ ಅಲ್ಲ. ಹಳೆ ಮೇಸ್ತ್ರಿಗಳು ಓಡುವ ಇಂಜಿನ್‌ನಲ್ಲಿ ಪ್ಲಗ್ ವೈರ್ ಒಂದೊಂದಾಗಿ ಕೀಳ್ತಾರೆ. ಹಾಗೆ ಮಾಡಿದರೆ ಶಾಕ್ ಹೊಡೆಯುತ್ತೆ, ಕಾಯಿಲ್‌ಗೂ ಒಳ್ಳೇದಲ್ಲ. ನಾನು ಇಂಜೆಕ್ಟರ್‌ನ (ಸಿಲಿಂಡರ್‌ಗೆ ಪೆಟ್ರೋಲ್ ಸಿಂಪಡಿಸೋ ಭಾಗ) ಕನೆಕ್ಟರ್ ಒಂದೊಂದಾಗಿ ತೆಗೆದು ನೋಡಿದೆ. ತಣ್ಣಗಿದ್ದಾಗ ಯಾವುದನ್ನು ತೆಗೆದರೂ ಆರ್‌ಪಿಎಂ ಬೀಳುತ್ತಿತ್ತು. ಬಿಸಿಯಾದ ಮೇಲೆ ಒಂದು, ಎರಡು, ನಾಲ್ಕನ್ನು ತೆಗೆದಾಗ ಇಂಜಿನ್ ಕುಸಿಯುತ್ತಿತ್ತು, ಮೂರನೇದು ತೆಗೆದರೆ ಅದಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಕನೆಕ್ಟರ್ ತೆಗೆದ ತಕ್ಷಣ ಏನಾಗುತ್ತೆ ಅನ್ನೋದನ್ನಷ್ಟೇ ನೋಡಬೇಕು, ಒಂದೆರಡು ಸೆಕೆಂಡಿನಲ್ಲಿ ಇಸಿಎಂ ಐಡ್ಲಿಂಗ್‌ಗೆ ಗಾಳಿ ಬಿಡೋ ಐಡಲ್ ವಾಲ್ವ್ ತೆರೆದು ಆರ್‌ಪಿಎಂ ಮತ್ತೆ ಮೇಲೆ ತಂದುಬಿಡುತ್ತೆ.

ಮೂರನೇ ಸಿಲಿಂಡರ್. ಈಗ ಕಿಡಿಯಾ, ಪೆಟ್ರೋಲಾ, ಗಾಳಿಯಾ?

ಕಿಡಿಯಿಂದ ಶುರು ಮಾಡಿದೆ. ನಾಲ್ಕೂ ಪ್ಲಗ್ ಬಿಚ್ಚಿ ಹಳೆ ಪೇಪರ್ ಮೇಲೆ ಸಾಲಾಗಿ ಇಟ್ಟೆ. ಮೂರು ಪ್ಲಗ್‌ಗಳು ತಿಳಿ ಕಂದು, ಮೂರನೇದಕ್ಕೆ ಮಾತ್ರ ಕಪ್ಪು ಮಸಿ, ಮೂಸಿದರೆ ಪೆಟ್ರೋಲ್ ವಾಸನೆ. ಹೊತ್ತಿಕೊಂಡಿಲ್ಲ ಅನ್ನೋದನ್ನು ಇದು ಹೇಳುತ್ತೆ, ಯಾಕೆ ಅನ್ನೋದನ್ನು ಹೇಳಲ್ಲ. ಪ್ಲಗ್‌ಗಳ ಅವಧಿ ಹೇಗೂ ಮುಗಿದಿತ್ತು, ಹೊಸದು ಹಾಕಿದೆ. ಮಿಸ್ಸಿಂಗ್ ಹಾಗೇ ಇತ್ತು. ಮೂರರ ವೈರನ್ನು ಎರಡಕ್ಕೆ, ಎರಡರದ್ದನ್ನು ಮೂರಕ್ಕೆ ಬದಲಿಸಿದೆ. ಮಿಸ್ಸಿಂಗ್ ಮೂರರಲ್ಲೇ ಕೂತಿತ್ತು. ಇನ್ನು ಕಾಯಿಲ್. ಈ ಗಾಡಿಯಲ್ಲಿ ಎರಡು ಕಾಯಿಲ್‌ಗಳು, ಒಂದು ಮತ್ತು ನಾಲ್ಕಕ್ಕೆ ಸೇರಿ ಒಂದು, ಎರಡು ಮತ್ತು ಮೂರಕ್ಕೆ ಸೇರಿ ಇನ್ನೊಂದು. ಎರಡೂ ಪ್ಲಗ್‌ಗಳಲ್ಲಿ ಒಟ್ಟಿಗೆ ಕಿಡಿ ಹಾರುತ್ತೆ, ಒಂದರಲ್ಲಿ ಕೆಲಸಕ್ಕೆ, ಇನ್ನೊಂದರಲ್ಲಿ ಸುಮ್ನೆ ವ್ಯರ್ಥ. ಕಾಯಿಲ್ ಹೋಗಿದ್ದರೆ ಮೂರರ ಜೊತೆ ಎರಡೂ ನರಳಬೇಕಿತ್ತು. ಎರಡು ಗಟ್ಟಿಮುಟ್ಟಾಗಿತ್ತು. ಕಾಯಿಲ್ ಹೋಗೈತೆ ಅಂತ ಹೇಳಿದ ಮೋತಿ ಸರ್ಕಲ್ ಹತ್ತಿರದ ಹುಡುಗ ಮಾತ್ರ ಇದನ್ನು ಕೊನೆವರೆಗೂ ಒಪ್ಪಲಿಲ್ಲ.

ಪೆಟ್ರೋಲ್ ಕಡೆಯದ್ದು ಬೇಗ ಮುಗಿಯಿತು. ಇಂಜೆಕ್ಟರ್‌ಗೆ ಮಲ್ಟಿಮೀಟರ್ ಹಚ್ಚಿದರೆ ನಾಲ್ಕೂ 14 ಓಮ್ ಆಸುಪಾಸು. ಮೂರರದ್ದನ್ನು ಒಂದಕ್ಕೆ ಹಾಕಿ ಓಡಿಸಿದೆ, ಒಂದು ಚೆನ್ನಾಗಿ ಓಡಿತು, ಮೂರು ಹಳೆ ಹಾಡನ್ನೇ ಹಾಡಿತು.

ಗಾಳಿಯ ಕಡೆ ಸ್ವಲ್ಪ ಹೊತ್ತು ಕೂತೆ. ಯಾಕಂದರೆ ಐಡ್ಲಿಂಗ್‌ನಲ್ಲಿ ಮಿಸ್ಸಿಂಗ್, ಆರ್‌ಪಿಎಂ ಏರಿದರೆ ಸರಿ ಅನ್ನೋದು ಇಂಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಪೈಪು) ಗ್ಯಾಸ್ಕೆಟ್ ಲೀಕಿನ ಲಕ್ಷಣವೂ ಹೌದು. ಐಡ್ಲಿಂಗ್‌ನಲ್ಲಿ ಒಳಗೆ ಹೋಗೋ ಗಾಳಿಯೇ ಕಡಿಮೆ, ಅದರಲ್ಲಿ ಸಂದಿಯಿಂದ ಸ್ವಲ್ಪ ಕಳ್ಳಗಾಳಿ ಸೇರಿದರೂ ಆ ಸಿಲಿಂಡರ್‌ನ ಲೆಕ್ಕ ತಪ್ಪುತ್ತೆ. ಏರ್ ಫಿಲ್ಟರ್ ಡಬ್ಬಿಯನ್ನೂ ಪೂರ್ತಿ ಬಿಚ್ಚಿದೆ. ಮೂಲೆಗಳಲ್ಲಿ ಇನ್ನೂ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸುವವರೆಗೆ ಅದಿರಿನ ಲಾರಿಗಳ ಹಿಂದೆ ಓಡಾಡಿದ ಎಲ್ಲಾ ಗಾಡಿಗಳ ಹೊಟ್ಟೆಯಲ್ಲೂ ಈ ಬಣ್ಣ ಇದೆ. ಒರೆಸಿ ತೆಗೆದೆ, ಆದರೆ ಫಿಲ್ಟರ್ ಕಟ್ಟಿದರೆ ನಾಲ್ಕೂ ಸಿಲಿಂಡರ್‌ಗೆ ತೊಂದರೆ, ಮೂರಕ್ಕೆ ಮಾತ್ರ ಯಾಕೆ ಆಗುತ್ತೆ. ಇಂಜಿನ್ ಓಡುತ್ತಿರುವಾಗ ಮ್ಯಾನಿಫೋಲ್ಡ್ ಜಾಯಿಂಟ್ ಸುತ್ತ ಕಾರ್ಬ್ ಕ್ಲೀನರ್ ಸ್ವಲ್ಪ ಸ್ವಲ್ಪವೇ ಸಿಂಪಡಿಸಿದೆ. ಲೀಕ್ ಇದ್ದರೆ ಅದನ್ನು ಒಳಗೆ ಎಳೆದುಕೊಂಡು ಐಡ್ಲಿಂಗ್ ಬದಲಾಗಬೇಕು. ಏನೂ ಬದಲಾಗಲಿಲ್ಲ. ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತೆ, ಬೆಂಕಿಯ ಭಯ ಇದೆ, ಇದನ್ನು ಮಾಡೋರು ಬಕೆಟ್ ಮಣ್ಣು ಪಕ್ಕದಲ್ಲಿ ಇಟ್ಟುಕೊಳ್ಳಿ.

ಆಮೇಲೆ ಪ್ಲಾಂಟ್‌ನ ಗೆಳೆಯರಿಂದ ವ್ಯಾಕ್ಯೂಮ್ ಗೇಜ್ ತಂದೆ, ಮ್ಯಾನಿಫೋಲ್ಡ್‌ನಲ್ಲಿ ಇಂಜಿನ್ ಗಾಳಿ ಎಳೆಯೋ ಬಲವನ್ನು ಅದು ಪಾದರಸದ ಇಂಚಿನಲ್ಲಿ ತೋರಿಸುತ್ತೆ. ಸರಿ ಇರೋ ಇಂಜಿನ್‌ನಲ್ಲಿ ಮುಳ್ಳು 17ರಿಂದ 21 ಇಂಚಿನ ನಡುವೆ ಅಲುಗಾಡದೆ ನಿಲ್ಲುತ್ತೆ, ಅದು ಸಮುದ್ರ ಮಟ್ಟದ ಲೆಕ್ಕ. ಬಳ್ಳಾರಿ ಅದಕ್ಕಿಂತ ಹೆಚ್ಚು ಕಡಿಮೆ 480 ಮೀಟರ್ ಮೇಲಿದೆ, ಹಾಗಾಗಿ ಒಂದೂವರೆ ಇಂಚು ಕಡಿಮೆ ತೋರಿಸಿದರೆ ಗಾಬರಿ ಬೇಡ. ನನ್ನದು ತಣ್ಣಗಿದ್ದಾಗ 17ರ ಹತ್ತಿರ ನಿಂತಿತ್ತು. ಬಿಸಿಯಾದಂತೆ ಮುಳ್ಳು ಲಯಬದ್ಧವಾಗಿ ಮೂರು ನಾಲ್ಕು ಇಂಚು ಕೆಳಗೆ ಬಡಿದು ಮೇಲೆ ಬರೋಕೆ ಶುರು ಮಾಡಿತು. ಕಿಡಿ ತಪ್ಪಿದರೆ ಮುಳ್ಳು ಹೇಗೆಂದರೆ ಹಾಗೆ ಅಲುಗಾಡುತ್ತೆ. ಹೀಗೆ ತಾಳ ಹಾಕಿ ಬಿದ್ದರೆ ಅನುಮಾನ ವಾಲ್ವ್ ಮೇಲೆ.

ಅಲ್ಲಿಗೆ ಕಂಪ್ರೆಷನ್ ಟೆಸ್ಟ್, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತುತ್ತೆ ಅಂತ ಪ್ಲಗ್ ತೂತಿನಲ್ಲಿ ಗೇಜ್ ಇಟ್ಟು ಅಳೆಯೋದು. ಇದನ್ನು ಎಲ್ಲರೂ ತಣ್ಣಗಿರುವಾಗ ಮಾಡ್ತಾರೆ, ಪ್ಲಗ್ ಬಿಚ್ಚೋಕೆ ಸುಲಭ ಅಂತ. ನಾನೂ ಮೊದಲು ಹಾಗೆ ಅಳೆದೆ. 175, 170, 160, 175 ಪಿಎಸ್‌ಐ. ಮೂರು ಸ್ವಲ್ಪ ಕಡಿಮೆ, ಆದರೆ ಇಷ್ಟು ವ್ಯತ್ಯಾಸಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲ್ಲ, ಇಂಜಿನ್ ಸರಿ ಇದೆ ಅಂತ ಬರೆದು ಕಳಿಸ್ತಾರೆ. ಆಮೇಲೆ ಗಾಡಿಯನ್ನು ಬೈಪಾಸ್‌ವರೆಗೆ ಓಡಿಸಿಕೊಂಡು ಬಂದು, ನಡುಕ ಶುರುವಾಗುವವರೆಗೆ ಐಡ್ಲಿಂಗ್‌ನಲ್ಲಿ ಬಿಟ್ಟು, ಪಂಪ್ ಫ್ಯೂಸ್ ತೆಗೆದು, ಕಾಯಿಲ್ ಕನೆಕ್ಟರ್ ಬಿಚ್ಚಿ, ಗ್ಲೌಸ್ ಹಾಕಿಕೊಂಡು ಪ್ಲಗ್‌ಗಳನ್ನು ಬಿಚ್ಚಿದೆ. ಸಿಲಿಂಡರ್‌ಗಳ ಮೇಲಿನ ಹೆಡ್ ಅಲ್ಯೂಮಿನಿಯಂ, ಬಿಸಿಯಲ್ಲಿ ಥ್ರೆಡ್ ಕಿತ್ತು ಬರೋ ಭಯ ಇರುತ್ತೆ, ಹಾಗಾಗಿ ಬಹಳ ನಿಧಾನ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯೋಕೆ ಮನೆಯವಳು ಒಳಗೆ ಕೂತಿದ್ದಳು. "ರೀ, ಈ ಬಿಸಿಲಲ್ಲಿ ಇನ್ನೂ ಎಷ್ಟೊತ್ತು?" ಅಂತ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

180, 175, 105, 180.

ಬಾಕಿ ಮೂರು ಬಿಸಿಗೆ ಸ್ವಲ್ಪ ಏರಿದ್ದವು, ಮೂರನೇದು ಕುಸಿದಿತ್ತು. ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಆಯಿಲ್ ಸಂದಿ ಮುಚ್ಚಿ ಒತ್ತಡ ಚೆನ್ನಾಗಿ ಏರಬೇಕು. 110 ಬಂತು, ಅಷ್ಟೇ. ರೇಡಿಯೇಟರ್ ನೀರು ಕಡಿಮೆಯಾಗಿರಲಿಲ್ಲ, ಪಕ್ಕದ ಸಿಲಿಂಡರ್‌ಗಳು ಸರಿ ಇದ್ದವು, ಆದ್ದರಿಂದ ಹೆಡ್ ಗ್ಯಾಸ್ಕೆಟ್ ಅನ್ನೋದಕ್ಕೂ ಆಧಾರ ಇಲ್ಲ. ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ, ಅದೂ ಬಿಸಿಯಾದಾಗ ಮಾತ್ರ.

ಈ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಕೌಲ್ ಬಜಾರ್‌ನ ಒಬ್ಬ ವಯಸ್ಸಾದ ಮೇಸ್ತ್ರಿ ಹತ್ತಿರ ಹೋದೆ. ಎಲ್ಲರೂ ಅವರನ್ನು ಚಾಚಾ ಅಂತಲೇ ಕರೆಯೋದು. ಅವರು ಚೀಟಿ ನೋಡಲಿಲ್ಲ. ಗಾಡಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತರು, ತಿಂಡಿ ಕಟ್ಟಿಸಿಕೊಂಡು ಬಂದಿದ್ದ ಪೇಪರ್ ತುಂಡನ್ನು ಸೈಲೆನ್ಸರ್ ಬಾಯಿಗೆ ಒಂದು ಇಂಚು ದೂರ ಹಿಡಿದರು. ಹೊಗೆ ಬಂದಾಗ ಪೇಪರ್ ಹೊರಗೆ ಹಾರಬೇಕು. ಹಾರುತ್ತಿತ್ತು. ಆದರೆ ಮಧ್ಯ ಮಧ್ಯ ಫಟ್ ಅಂತ ಒಳಗೆ ಎಳೆದು ಪೈಪಿಗೆ ಅಂಟಿಕೊಳ್ಳುತ್ತಿತ್ತು, ಮತ್ತೆ ಹಾರುತ್ತಿತ್ತು. ಪೇಪರ್‌ನ ಅಂಚಿಗೆ ಉದ್ದಿನ ವಡೆಯ ಎಣ್ಣೆ, ಅದರ ಮೇಲೆ ಸೈಲೆನ್ಸರ್ ಮಸಿ ಅರ್ಧ ಚಂದ್ರಾಕಾರವಾಗಿ ಮೂಡಿತು.

"ಎಕ್ಸಾಸ್ಟ್ ವಾಲ್ವ್ ತಮ್ಮಾ. ಪಿಸ್ಟನ್ ಕೆಳಗೆ ಇಳಿಯುವಾಗ ಸೈಲೆನ್ಸರ್‌ನಿಂದ ಗಾಳಿ ಎಳೀತೈತೆ, ನೋಡ್ರಿ."

ಆಮೇಲೆ ಬಾನೆಟ್ ಹತ್ತಿರ ಬಂದು ಒಂದು ನಿಮಿಷ ಸುಮ್ಮನೆ ನಿಂತರು. "ಈ ಗಾಡಿ ಗ್ಯಾಸ್ ಮೇಲೆ ಓಡೈತಾ?"

ಡಿಕ್ಕಿ ಅವರು ನೋಡಿಯೇ ಇರಲಿಲ್ಲ. ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ಟ್ಯಾಪೆಟ್ ಸೌಂಡೇ ಇಲ್ಲಲ್ಲ. ಸೌಂಡ್ ಬಂದ್ರೆ ಗಾಡಿಗೆ ಏನೂ ಆಗಲ್ಲ. ಇಷ್ಟು ಹಳೇ ಗಾಡಿ ಸೌಂಡ್ ಮಾಡಲ್ಲ ಅಂದ್ರೆ ಅದನ್ನು ನೋಡ್ಬೇಕು."

ಇಷ್ಟೂ ಹೊತ್ತು ಅಳೆದದ್ದೆಲ್ಲ ಬಂದು ಸೇರಬೇಕಾದ ಜಾಗ ಇದೇ. ವಾಲ್ವನ್ನು ಒತ್ತುವ ರಾಕರ್ ಆರ್ಮ್ ತುದಿಗೂ ವಾಲ್ವ್ ಕಡ್ಡಿಯ ತಲೆಗೂ ನಡುವೆ ಒಂದು ಸಣ್ಣ ಗ್ಯಾಪ್ ಬೇಕು. ನನ್ನ ಇಂಜಿನ್‌ಗೆ ತಣ್ಣಗಿದ್ದಾಗ ಇನ್‌ಲೆಟ್‌ಗೆ 0.15, ಎಕ್ಸಾಸ್ಟ್‌ಗೆ 0.20 ಮಿಲಿಮೀಟರ್. ಬಿಸಿಯಾದಾಗ ವಾಲ್ವ್ ಉದ್ದವಾಗುತ್ತೆ, ಅದಕ್ಕೆ ಬಿಟ್ಟ ಜಾಗ ಅದು. ಎಕ್ಸಾಸ್ಟ್ ಜಾಸ್ತಿ ಬಿಸಿ, ಅದಕ್ಕೇ ಜಾಸ್ತಿ ಗ್ಯಾಪ್. ಗ್ಯಾಪ್ ದೊಡ್ಡದಾದರೆ ಟಕ ಟಕ ಅನ್ನುತ್ತೆ, ಎಲ್ಲರಿಗೂ ಕೇಳಿಸುತ್ತೆ, ಎಲ್ಲರೂ ರಿಪೇರಿ ಮಾಡಿಸ್ತಾರೆ. ಗ್ಯಾಪ್ ಮುಚ್ಚಿದರೆ ಸದ್ದು ನಿಲ್ಲುತ್ತೆ, ಇಂಜಿನ್ ಸ್ಮೂತ್ ಇದೆ ಅಂತ ಹೊಗಳ್ತಾರೆ. ಒಳಗೆ ಮಾತ್ರ ವಾಲ್ವ್ ತಾನು ಮುಚ್ಚಿ ಕೂರಬೇಕಾದ ಸೀಟಿನ ಮೇಲೆ ಪೂರ್ತಿ ಕೂರಲ್ಲ.

ಎಲ್‌ಪಿಜಿ ಇದಕ್ಕೆ ಹೇಗೆ ಕಾರಣ ಅಂದರೆ, ಅದು ಒಣ ಇಂಧನ. ಪೆಟ್ರೋಲ್ ಹನಿಗಳು ಒಳಗೆ ಬರುವಾಗ ಆವಿಯಾಗಿ ಸ್ವಲ್ಪ ತಂಪು ಮಾಡುತ್ತವೆ, ಗ್ಯಾಸ್‌ನಲ್ಲಿ ಅದು ಇಲ್ಲ. ಗ್ಯಾಸ್‌ಗೆ ಅಂತಲೇ ಮಾಡಿರದ ಇಂಜಿನ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟ್ ಬೇಗ ಸವೆಯುತ್ತೆ. ಸೀಟ್ ಸವೆದಷ್ಟೂ ವಾಲ್ವ್ ಹೆಡ್‌ನ ಒಳಗೆ ಮೇಲಕ್ಕೆ ಹೋಗುತ್ತೆ, ಅದರ ಕಡ್ಡಿ ರಾಕರ್ ಕಡೆ ಹತ್ತಿರವಾಗುತ್ತೆ, ಗ್ಯಾಪ್ ಕಡಿಮೆಯಾಗುತ್ತೆ. ಎಲ್ಲಾ ಪಾರ್ಟ್ ಸವೆದರೂ ಸಡಿಲವಾಗುತ್ತೆ ಅಂತ ನಾವು ಅಂದುಕೊಂಡಿರ್ತೀವಿ, ಇಲ್ಲಿ ಸವೆದರೆ ಬಿಗಿಯಾಗುತ್ತೆ. ಗಾಡಿ ಈಗ ಪೆಟ್ರೋಲ್ ಮೇಲೆ ಓಡುತ್ತಿರಲಿ, ಗ್ಯಾಸ್ ಮೇಲೆ ಓಡಿದ ವರ್ಷಗಳಲ್ಲಿ ಸವೆದದ್ದು ವಾಪಸ್ ಬರಲ್ಲ. ಇನ್ನೊಂದು, ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡೋದು ಸೀಟಿಗೆ ತಾಗಿದಾಗಲೇ. ತಾಗದಿದ್ದರೆ ಇನ್ನೂ ಬಿಸಿ, ಇನ್ನೂ ಉದ್ದ, ಕೊನೆಗೆ ಅಂಚು ಸುಟ್ಟು ಹೋಗುತ್ತೆ.

ಐಡ್ಲಿಂಗ್‌ನಲ್ಲಿ ಮಾತ್ರ ಯಾಕೆ ಅನ್ನೋದಕ್ಕೂ ಉತ್ತರ ಇದರಲ್ಲೇ ಇದೆ. 800 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ನಿಮಿಷಕ್ಕೆ 400 ಸಲ ಹೊತ್ತಿಕೊಳ್ಳಬೇಕು. ಪ್ರತಿ ಸಲವೂ ಗಾಳಿಗೆ ಸಂದಿಯಿಂದ ಜಾರಿಕೊಳ್ಳೋಕೆ ಸಾಕಷ್ಟು ಸಮಯ ಸಿಗುತ್ತೆ. 3,000ದಲ್ಲಿ ಅಷ್ಟು ಸಮಯವೇ ಇಲ್ಲ, ಲೀಕ್ ಆಗೋದಕ್ಕೆ ಮೊದಲೇ ಹೊತ್ತಿಕೊಂಡಿರುತ್ತೆ. ಅದಕ್ಕೇ ಹೈವೇಯಲ್ಲಿ ಗಾಡಿ ಆರೋಗ್ಯವಂತ.

ಚಾಚಾ ಗಾಡಿಯನ್ನು ರಾತ್ರಿ ಅಲ್ಲೇ ಬಿಡಿಸಿಕೊಂಡರು. ಇದೊಂದು ಕೆಲಸವನ್ನು ಮಾತ್ರ ಪೂರ್ತಿ ತಣ್ಣಗಾದ ಮೇಲೆಯೇ ಮಾಡಬೇಕು, ಕೊಟ್ಟಿರೋ ಅಳತೆಗಳೆಲ್ಲ ತಣ್ಣಗಿನ ಲೆಕ್ಕ. ಬೆಳಿಗ್ಗೆ ಬಿಸಿಲೇರೋ ಮೊದಲು ಹೋದೆ. ಟ್ಯಾಪೆಟ್ ಕವರ್ ತೆಗೆದು, ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ತಿರುಗಿಸಿ ಒಂದನೇ ಸಿಲಿಂಡರನ್ನು ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲಿರೋ ಜಾಗ) ತಂದರು. ಫೈರಿಂಗ್ ಆರ್ಡರ್ 1-3-4-2. ಒಂದನೇದು ಕಂಪ್ರೆಷನ್‌ನ ತುದಿಯಲ್ಲಿದ್ದಾಗ ಒಂದರ ಎರಡೂ ವಾಲ್ವ್, ಎರಡರ ಇನ್‌ಲೆಟ್, ಮೂರರ ಎಕ್ಸಾಸ್ಟ್ ಫ್ರೀ ಇರಬೇಕು. ಪುಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದರೆ ಉಳಿದ ನಾಲ್ಕು. ಚಾಚಾಗೆ ಇದು ಬಾಯಿಪಾಠ. ರಾಕರ್‌ಗಳನ್ನು ಬೆರಳಿನಿಂದ ಒಂದೊಂದೇ ಅಲುಗಿಸಿದರು. ಒಂದರದ್ದು ಕಿಟಕ್ ಅಂತು. ಮೂರರ ಎಕ್ಸಾಸ್ಟ್ ಕಲ್ಲು.

ಗ್ಯಾಪ್ ಅಳೆಯೋ ತೆಳು ಬ್ಲೇಡ್‌ಗಳ ಸೆಟ್ಟಾದ ಫೀಲರ್ ಗೇಜ್ ನನ್ನ ಕೈಗೆ ಕೊಟ್ಟರು. 0.20 ಬ್ಲೇಡ್ ಹೋಗಲಿಲ್ಲ. 0.10 ಹೋಗಲಿಲ್ಲ. ಸೆಟ್‌ನಲ್ಲಿ ಎಲ್ಲಕ್ಕಿಂತ ತೆಳ್ಳಗಿನದು 0.05, ಕಾಗದದಂಥ ತಗಡು, ಅದು ತುದಿಯಲ್ಲಿ ಮಡಚಿಕೊಂಡು ವಾಪಸ್ ಬಂತು. ಬಾಕಿ ಮೂರು ಎಕ್ಸಾಸ್ಟ್ ವಾಲ್ವ್‌ಗಳೂ ಬಿಗಿಯಾಗಿಯೇ ಇದ್ದವು, 0.10ರಿಂದ 0.13. ಇನ್‌ಲೆಟ್‌ಗಳು ಹೆಚ್ಚು ಕಡಿಮೆ ಸರಿ ಇದ್ದವು. ಮೂರೇ ಯಾಕೆ ಮೊದಲು ಬಿದ್ದಿತು ಅಂದರೆ, ನಡುವಿನ ಸಿಲಿಂಡರ್‌ಗಳಿಗೆ ಎರಡೂ ಪಕ್ಕದಿಂದ ಬಿಸಿ. ಎರಡಕ್ಕೂ ಇನ್ನೊಂದು ಬೇಸಿಗೆಯಲ್ಲಿ ಸರದಿ ಬರುತ್ತಿತ್ತೇನೋ.

ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ, ಬ್ಲೇಡ್ ಎಳೆದಾಗ ಸ್ವಲ್ಪ ಹಿಡಿದ ಹಾಗೆ ಇರಬೇಕು. ಎಂಟೂ ವಾಲ್ವ್ ಸೆಟ್ ಮಾಡಿ ಕವರ್ ಹಾಕಿದರು. ಸ್ಟಾರ್ಟ್ ಮಾಡಿದಾಗ ಮೊದಲ ಸಲ ಈ ಇಂಜಿನ್‌ನಿಂದ ಸಣ್ಣ ಟಿಕ್ ಟಿಕ್ ಕೇಳಿಸಿತು. ಚಿಕ್ಕಪ್ಪ ಕೇಳಿದ್ದರೆ ಏನು ಹಾಳು ಮಾಡಿಸಿಕೊಂಡು ಬಂದೆಯೋ ಅಂತ ಬೈಯುತ್ತಿದ್ದರು.

ಬಿಸಿಯಾದ ಮೇಲೆ ಐಡ್ಲಿಂಗ್ ಮುಕ್ಕಾಲು ಭಾಗ ಸರಿ ಹೋಗಿತ್ತು. ಪೂರ್ತಿ ಅಲ್ಲ. ಎಸಿ ಹಾಕಿದರೆ ಅಲ್ಲೊಂದು ಇಲ್ಲೊಂದು ಏಟು ಇನ್ನೂ ತಪ್ಪುತ್ತಿತ್ತು. ಬಿಸಿಯಲ್ಲಿ ಮತ್ತೆ ಕಂಪ್ರೆಷನ್ ನೋಡಿದರೆ ಮೂರನೇದು 150. ಇಷ್ಟಕ್ಕೇ ಬಿಟ್ಟರೆ ಓಡುತ್ತಾ ಅಂತ ಕೇಳಿದೆ. ಓಡುತ್ತೆ, ಆದರೆ ಅಂಚು ಸುಟ್ಟಿರುತ್ತೆ, ಸುಟ್ಟ ಜಾಗ ಬೆಳೆಯುತ್ತೆ ಅಂದರು. ಅದನ್ನು ಖಾತ್ರಿ ಮಾಡಿಕೊಳ್ಳೋಕೆ ಇನ್ನೊಂದು ಉಪಾಯ ಮಾಡಿದೆವು. ಹಳೆ ಪ್ಲಗ್‌ನ ಒಳಗಿನ ಪಿಂಗಾಣಿ ಒಡೆದು ತೆಗೆದು, ಬರೀ ಲೋಹದ ಚಿಪ್ಪಿಗೆ ಲೇತ್ ಅಂಗಡಿಯಲ್ಲಿ ಏರ್ ನಾಝಲ್ ವೆಲ್ಡ್ ಮಾಡಿಸಿದ್ದು ಅವರ ಹತ್ತಿರ ಇತ್ತು. ಮೂರನೇ ಸಿಲಿಂಡರನ್ನು ಕಂಪ್ರೆಷನ್ ಟಿಡಿಸಿಗೆ ತಂದು, ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಪಕ್ಕದ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ಬಿಟ್ಟೆವು. ಆಮೇಲೆ ಕಿವಿಯೇ ಮೀಟರ್. ಥ್ರಾಟಲ್ ಬಾಯಲ್ಲಿ ಸದ್ದು ಬಂದರೆ ಇನ್‌ಲೆಟ್ ವಾಲ್ವ್. ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್. ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ನಮ್ಮದು ಸೈಲೆನ್ಸರ್ ಬಾಯಲ್ಲಿ ಸುಯ್ ಅಂತಿತ್ತು. ಪಂಕ್ಚರ್ ಅಂಗಡಿ ಹುಡುಗನೂ ಬಂದು ಕಿವಿ ಇಟ್ಟು ತಲೆ ಆಡಿಸಿದ.

ಹೆಡ್ ಬಿಚ್ಚಿದೆವು. ಮೂರರ ಎಕ್ಸಾಸ್ಟ್ ವಾಲ್ವ್ ಕೈಗೆ ತಗೊಂಡು ಬಿಸಿಲಿಗೆ ಹಿಡಿದರೆ ಅಂಚಿನ ಸುತ್ತ ಇರಬೇಕಾದ ಬೂದು ಪಟ್ಟಿ ಮುಕ್ಕಾಲು ಸುತ್ತು ಮಾತ್ರ ಇತ್ತು. ಉಳಿದ ಕಡೆ ಬಿಳುಪು, ಅದರ ನಡುವೆ ಅಕ್ಕಿ ಕಾಳಿನ ಅರ್ಧದಷ್ಟು ಅಂಚೇ ಕರಗಿ ಹೋಗಿತ್ತು. ಉಗುರು ಓಡಿಸಿದರೆ ಸಿಕ್ಕಿಕೊಳ್ಳುತ್ತಿತ್ತು. ಅಷ್ಟೇ ಜಾಗ. ಅಷ್ಟರಿಂದ ಇಷ್ಟೆಲ್ಲ.

ಲೇತ್‌ನಲ್ಲಿ ಎಕ್ಸಾಸ್ಟ್ ಸೀಟ್‌ಗಳನ್ನು 45 ಡಿಗ್ರಿಗೆ ಕಟ್ ಮಾಡಿಸಿ, ಮೂರಕ್ಕೆ ಹೊಸ ವಾಲ್ವ್, ಉಳಿದವಕ್ಕೆ ಗ್ರೈಂಡಿಂಗ್. ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲನ್ನು ವಾಲ್ವ್‌ಗೆ ಅಂಟಿಸಿ, ಎರಡೂ ಅಂಗೈ ನಡುವೆ ಕಡಗೋಲು ಆಡಿಸಿದ ಹಾಗೆ ಆಡಿಸೋದು ಚಾಚಾ ಕೆಲಸ, ಅದನ್ನು ಯಾರಿಗೂ ಕೊಡಲ್ಲ. ಆಮೇಲೆ ಹೆಡ್ ಪೋರ್ಟ್‌ಗಳಿಗೆ ಪೆಟ್ರೋಲ್ ತುಂಬಿ ಇಟ್ಟು ಚಹಾ ಕುಡಿದು ಬಂದೆವು. ವಾಲ್ವ್ ಕೆಳಗೆ ಒಂದು ಹನಿ ಇಲ್ಲ. ಹೇಗೂ ಬಿಚ್ಚಿದ್ದೀವಿ ಅಂತ ವಾಲ್ವ್ ಸೀಲ್‌ಗಳು, ಟೈಮಿಂಗ್ ಬೆಲ್ಟ್, ಹೆಡ್ ಗ್ಯಾಸ್ಕೆಟ್ ಹೊಸದು. ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಗೆ, ಒಂದೇ ಸಲಕ್ಕೆ ಪೂರ್ತಿ ಅಲ್ಲ, ಹಂತ ಹಂತವಾಗಿ ಟಾರ್ಕ್ ರೆಂಚ್‌ನಿಂದ. ರೆಂಚ್ ನಾನೇ ಪ್ಲಾಂಟ್‌ನಿಂದ ತಂದಿದ್ದೆ, ಚಾಚಾಗೆ ಅದು ಅಷ್ಟು ಇಷ್ಟ ಆಗಲಿಲ್ಲ. ಕೈಗೆ ಗೊತ್ತಾಗುತ್ತೆ ಅಂದರು. ಎರಡು ಬೋಲ್ಟ್ ಅವರ ಕೈಯಲ್ಲಿ ಬಿಗಿ ಮಾಡಿಸಿ ಆಮೇಲೆ ರೆಂಚ್ ಹಚ್ಚಿ ನೋಡಿದೆ. ಅವರ ಕೈ ಸರಿಯಾಗಿಯೇ ಇತ್ತು, ಅದನ್ನು ಅವರಿಗೆ ಹೇಳಬೇಕಾಯಿತು.

ಎಲ್ಲಾ ಸೇರಿ 13 ಸಾವಿರ ಚಿಲ್ಲರೆ. ಇಸಿಎಂಗೆ ಹೇಳಿದ್ದಕ್ಕಿಂತ ಕಡಿಮೆ, ಇಸಿಎಂ ಹಾಕಿದ್ದರೆ ವಾಲ್ವ್ ಹಾಗೇ ಉರಿಯುತ್ತಾ ಇರುತ್ತಿತ್ತು. ಈಗ ಬಿಸಿಯಲ್ಲಿ ನಾಲ್ಕೂ ಸಿಲಿಂಡರ್ 175ರ ಮೇಲೆ. ಎಸಿ ಹಾಕಿ ಮೋತಿ ಸರ್ಕಲ್‌ನಲ್ಲಿ ನಿಂತರೂ ಕನ್ನಡಿ ಅಲುಗಾಡಲ್ಲ. 1,000 ಕಿಲೋಮೀಟರ್ ಆದ ಮೇಲೆ ಚಾಚಾ ಹೇಳಿದಂತೆ ಟ್ಯಾಪೆಟ್ ಮತ್ತೆ ನೋಡಿಸಿದೆ. ಹೊಸದಾಗಿ ಕಟ್ ಮಾಡಿದ ಸೀಟ್ ಸ್ವಲ್ಪ ಕೂತುಕೊಳ್ಳೋದು ಸಹಜ. ಮೂರು 0.18ಕ್ಕೆ ಬಂದಿತ್ತು, ಉಳಿದವು ಹಾಗೇ ಇದ್ದವು. ಎಲ್ಲವನ್ನೂ 0.20ಕ್ಕೆ ತಂದು ಬಿಟ್ಟರು.

ಎಲ್‌ಪಿಜಿ ಕಿಟ್ ಬಿಚ್ಚಿಸಿಬಿಟ್ಟೆ. ನಾನು ಓಡಿಸೋದು ಕಡಿಮೆ, ಗ್ಯಾಸ್‌ನಲ್ಲಿ ಉಳಿಯೋ ದುಡ್ಡು ಹೆಡ್ ಕೆಲಸಕ್ಕೇ ಹೋಗುತ್ತೆ. ದಿನಾ ಓಡಿಸೋರಿಗೆ ಗ್ಯಾಸ್ ಲಾಭವೇ. ಅಂಥವರು ಆಯಿಲ್ ಬದಲಿಸುವಾಗ ಒಂದು ಸಲ ಬಿಟ್ಟು ಒಂದು ಸಲವಾದರೂ ಟ್ಯಾಪೆಟ್ ಗ್ಯಾಪ್ ನೋಡಿಸಬೇಕು, ಸದ್ದು ಬರೋವರೆಗೆ ಕಾಯೋ ಹಾಗಿಲ್ಲ, ಯಾಕಂದರೆ ಸದ್ದು ಬರಲ್ಲ. ಎಲ್ಲಾ ಗಾಡಿಗೂ ಇದು ಅನ್ವಯಿಸಲ್ಲ, ಹೈಡ್ರಾಲಿಕ್ ಟ್ಯಾಪೆಟ್ ಇರೋ ಇಂಜಿನ್‌ಗಳಲ್ಲಿ ಗ್ಯಾಪ್ ತಾನೇ ಸರಿ ಮಾಡಿಕೊಳ್ಳುತ್ತೆ, ತಗೊಳ್ಳೋ ಮೊದಲು ಯಾವುದು ಅಂತ ಕೇಳಿಕೊಳ್ಳಿ. ಕಿಟ್ ತೆಗೆದ ಮೇಲೆ ಆರ್‌ಸಿಯಲ್ಲೂ ಪೆಟ್ರೋಲ್/ಎಲ್‌ಪಿಜಿ ಅಂತ ಇರೋದನ್ನು ಬರೀ ಪೆಟ್ರೋಲ್ ಅಂತ ಬದಲಿಸಬೇಕು. ಆ ಅರ್ಜಿ ಕೊಟ್ಟಿದ್ದೇನೆ, ಇನ್ನೂ ಆರ್‌ಟಿಒ ಆಫೀಸಿನಲ್ಲಿದೆ.